ಸಾವಿಲ್ಲದವರ ಮುಪ್ಪು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಸ್ಥೆಯವರು ಕೇಳಿದಾಗ ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರು ನಕ್ಕರು. ಇಂಗ್ಲಿಷ್ ಕಾದಂಬರಿಯ ಎಲ್ಫ್‌ಗಳು, ಅವರ ಅಮರತ್ವ, ಅವರ ಮುಪ್ಪು. "ಜಿನ್ನು ಪರಿಗಳ ಕಥೆ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಯಾಕೆ?" ಎಂದು ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವಿಷಯವನ್ನು ನನಗೆ ಕೊಟ್ಟವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರವನ್ನು ಟಿ.ವಿ.ಯಲ್ಲಿ ನೋಡಿ ಬಂದು ಅವಳು ಕೇಳಿದಳು: "ಟೀಚರ್, ಅವರಿಗೆ ಸಾವಿಲ್ಲ, ಕಾಯಿಲೆ ಇಲ್ಲ, ಮುಖದ ಮೇಲೆ ಒಂದು ಸುಕ್ಕೂ ಇಲ್ಲ. ಆದರೂ ಯಾವಾಗ ನೋಡಿದರೂ ದುಃಖದಲ್ಲೇ ಇರ್ತಾರಲ್ಲ, ಯಾಕೆ?" ಅವಳ ದಾದಿಮಾ ತೀರಿಕೊಂಡು ಆಗ ಇನ್ನೂ ಒಂದು ತಿಂಗಳಾಗಿರಲಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಸಿನಿಮಾ ಪ್ರಶ್ನೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಮೊದಲು ಎಲ್ಫ್ ಎಂದರೆ ಯಾರೆಂದು ಹೇಳಬೇಕು. ಉರ್ದು ಬಲ್ಲವರಿಗೆ 'ಪರೀಜಾದ್' ಎಂದರೆ ಹತ್ತಿರದ ಅರ್ಥ ಹೊಳೆಯಬಹುದು. ಆದರೆ ರೆಕ್ಕೆ ಕಟ್ಟಿಕೊಂಡು ಹೂವಿನ ಮೇಲೆ ಕುಳಿತುಕೊಳ್ಳುವ ಪುಟ್ಟ ಜೀವಿಗಳಲ್ಲ ಇವರು. ಜೆ. ಆರ್. ಆರ್. ಟೋಲ್ಕಿನ್ (1892–1973) ಬರೆದ ಕಥೆಗಳಲ್ಲಿ ಎಲ್ಫ್‌ಗಳು ಮನುಷ್ಯರಷ್ಟೇ ಎತ್ತರದ, ಮನುಷ್ಯರಂತೆಯೇ ಮದುವೆ ಮಕ್ಕಳಿರುವ, ಹಾಡು, ಭಾಷೆ, ಕುಶಲ ಕೆಲಸಗಳಲ್ಲಿ ಮನುಷ್ಯರನ್ನು ಮೀರಿದ ಒಂದು ಜನಾಂಗ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ಅವರ 'ದಿ ಹಾಬಿಟ್' 1937ರಲ್ಲಿ ಬಂತು, 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954–55ರಲ್ಲಿ ಮೂರು ಸಂಪುಟಗಳಾಗಿ ಬಂತು. ಎಲ್ಫ್‌ಗಳ ಪುರಾಣವಾದ 'ದಿ ಸಿಲ್ಮರಿಲಿಯನ್' ಅವರು ತೀರಿಕೊಂಡ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಅವರ ಸಂಪಾದನೆಯಲ್ಲಿ ಹೊರಬಂತು. ಭಾಷೆ ಕಲಿಸುವ ನಮ್ಮಂಥವರಿಗೆ ಸಂತೋಷ ಕೊಡುವ ಸಂಗತಿಯೆಂದರೆ ಅವರು ಮೊದಲು ಕಟ್ಟಿದ್ದು ಎಲ್ಫ್‌ಗಳ ಭಾಷೆಗಳನ್ನು. ಆ ಭಾಷೆ ಆಡುವ ಜನ ಬೇಕೆಂದು ಕಥೆ ಆಮೇಲೆ ಹುಟ್ಟಿತು.

ಸಾವಿಲ್ಲದವರ ಕಥೆಗಳು ನಮಗೂ ಹೊಸತಲ್ಲ. ಆಬೇ ಹಯಾತ್ ಹುಡುಕಿ ಹೊರಟ ಸಿಕಂದರನಿಗೆ ಅದು ಸಿಗಲಿಲ್ಲ, ಖಿಜ್ರ್ ಅವರಿಗೆ ಸಿಕ್ಕಿತು ಎಂಬ ದಾಸ್ತಾನನ್ನು ನಮ್ಮ ಮನೆಗಳಲ್ಲಿ ಕೇಳಿದ್ದೇವೆ. ಅದರದೇ ಒಂದು ಜನಪದ ರೂಪದಲ್ಲಿ ಸಿಕಂದರ್ ನೀರಿನ ತನಕ ಹೋಗುತ್ತಾನೆ. ಅಲ್ಲಿ ಒಂದು ಮುದಿ ಕಾಗೆ ಅವನನ್ನು ತಡೆದು, ತಾನು ಕುಡಿದು ಪಡುತ್ತಿರುವ ಪಾಡನ್ನು ತೋರಿಸುತ್ತದೆ. ಅವನು ಕುಡಿಯದೆ ಹಿಂದಿರುಗುತ್ತಾನೆ. ಕನ್ನಡ ಪಾಠಗಳಲ್ಲಿ ಅಶ್ವತ್ಥಾಮನನ್ನು ಓದಿದವರಿಗೆ ಚಿರಂಜೀವಿತ್ವವೇ ಶಾಪವಾಗುವುದು ಗೊತ್ತು. ಇಂಗ್ಲಿಷಿನಲ್ಲಿ ಜೊನಾಥನ್ ಸ್ವಿಫ್ಟ್ 1726ರ 'ಗಲಿವರ್ಸ್ ಟ್ರಾವೆಲ್ಸ್' ಕೃತಿಯಲ್ಲಿ ಸ್ಟ್ರಲ್ಡ್‌ಬ್ರಗ್ ಎಂಬ ಜನರನ್ನು ತಂದಿದ್ದಾನೆ. ಅವರಿಗೆ ಸಾವಿಲ್ಲ, ಆದರೆ ಮುಪ್ಪು ಎಲ್ಲರಂತೆಯೇ ಬರುತ್ತದೆ. ಎಂಬತ್ತು ವರ್ಷಕ್ಕೆ ಕಾನೂನಿನ ಲೆಕ್ಕದಲ್ಲಿ ಅವರು ಸತ್ತವರು, ಆಸ್ತಿ ವಾರಸುದಾರರಿಗೆ ಹೋಗುತ್ತದೆ. ಇನ್ನೂ ಕೆಲವು ತಲೆಮಾರು ಕಳೆದರೆ ನಾಡಿನ ಭಾಷೆಯೇ ಬದಲಾಗಿ, ಹುಟ್ಟಿದ ಊರಿನಲ್ಲೇ ಮಾತನಾಡಲಾರದ ಪರದೇಶಿಗಳಾಗುತ್ತಾರೆ.

ಈ ಕಥೆಗಳಲ್ಲೆಲ್ಲ ಅಮರರಾದವರ ಕಷ್ಟ ಏನು? ದೇಹ ಮುದಿಯಾಗುತ್ತದೆ, ಇಲ್ಲವೆ ಗಾಯ ಮಾಯುವುದಿಲ್ಲ. ಟೋಲ್ಕಿನ್ ಮಾಡಿದ ಹೊಸ ಕೆಲಸವೆಂದರೆ ಆ ಕಷ್ಟವನ್ನೇ ತೆಗೆದುಹಾಕಿದ್ದು. ಯೌವನ ಹಾಗೇ ಉಳಿಯಲಿ, ರೋಗ ಬರದಿರಲಿ, ಕಣ್ಣು ಕಿವಿ ಚುರುಕಾಗಿರಲಿ. ಆಗಲಾದರೂ ಅಮರತ್ವ ಸುಖವೆ ಎಂದು ಅವರು ಕೇಳಿದರು. ಹಾಗೆ ಕೇಳಿದ್ದರಿಂದಲೇ ಅವರ ಎಲ್ಫ್‌ಗಳು ಬೇರೆ ಪರಿಗಳಂತಲ್ಲ.

ಅವರು ಬೆಳೆಯುವ ಬಗೆಯನ್ನು ಟೋಲ್ಕಿನ್ ಒಂದು ದೀರ್ಘ ಬರಹದಲ್ಲಿ ವಿವರಿಸಿದ್ದಾರೆ. ಅದು 1993ರಲ್ಲಿ 'ಮಾರ್ಗಾತ್ಸ್ ರಿಂಗ್' ಸಂಪುಟದಲ್ಲಿ ಪ್ರಕಟವಾಯಿತು. ಎಲ್ಫ್ ಮಗುವಿನ ಮನಸ್ಸು ಬೇಗ ಬೆಳೆಯುತ್ತದೆ, ದೇಹ ನಿಧಾನ. ಒಂದು ವರ್ಷ ತುಂಬುವ ಮೊದಲೇ ಮಾತು, ನಡಿಗೆ, ಕುಣಿತ ಎಲ್ಲ ಬಂದುಬಿಡುತ್ತದೆ. ಆದರೆ ಮನುಷ್ಯರ ಮಕ್ಕಳು ಪೂರ್ಣ ಎತ್ತರಕ್ಕೆ ಬೆಳೆದಾಗ ಅದೇ ವಯಸ್ಸಿನ ಎಲ್ಫ್ ಇನ್ನೂ ಏಳು ವರ್ಷದ ಮಗುವಿನಂತೆ ಕಾಣುತ್ತದೆ. ಐವತ್ತಕ್ಕೆ ಪ್ರಾಯ ಪೂರ್ಣ, ಕೆಲವರಿಗೆ ನೂರಾಗಬೇಕು. ಅಲ್ಲಿಂದ ಮುಂದೆ ದೇಹ ಹಾಗೇ ನಿಲ್ಲುತ್ತದೆ. ಇಳಿವಯಸ್ಸಿನಲ್ಲಿ ಟೋಲ್ಕಿನ್ ಇದನ್ನೇ ಲೆಕ್ಕ ಹಾಕುತ್ತಾ ಹಾಳೆಗಟ್ಟಲೆ ಗೀಚಿದರು. ನಮ್ಮ 144 ವರ್ಷಕ್ಕೆ ಎಲ್ಫ್ ಜೀವನದ ಒಂದು ವರ್ಷ ಎಂಬ ಪ್ರಮಾಣವನ್ನು ಇಟ್ಟುಕೊಂಡು ಕೂಡಿ ಕಳೆದರು, ಹೊಡೆದುಹಾಕಿದರು, ಮತ್ತೆ ಕೂಡಿದರು. ಆ ಟಿಪ್ಪಣಿಗಳು 2021ರಲ್ಲಿ ಪುಸ್ತಕವಾಗಿ ಬಂದಿವೆ. ಗಣಿತ ಬೇಡವೆನ್ನುವ ನಮ್ಮ ಸಾಹಿತ್ಯಪ್ರಿಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇನ್ನು ಸಾವು. ಎಲ್ಫ್‌ಗಳಿಗೆ ಸಾವೇ ಇಲ್ಲವೆಂದಲ್ಲ. ಕತ್ತಿಯಿಂದ ಸಾಯಬಹುದು, ದುಃಖದಿಂದಲೂ ಸಾಯಬಹುದು. ಆದರೆ ಸತ್ತವರ ಆತ್ಮ ಲೋಕ ಬಿಟ್ಟು ಹೋಗುವುದಿಲ್ಲ. ಮಾಂಡೋಸ್ ಎಂಬ ಅಧಿದೇವತೆಯ ಸಭಾಂಗಣಗಳಲ್ಲಿ ಕಾದಿದ್ದು, ಮತ್ತೆ ದೇಹ ಪಡೆದು ಬರಬಹುದು. ಈ ಲೋಕ ಇರುವವರೆಗೂ ಅವರು ಇಲ್ಲೇ ಇರಬೇಕು. ಲೋಕ ಮುಗಿದ ಮೇಲೆ ತಮ್ಮ ಗತಿ ಏನೆಂಬುದು ಅವರಿಗೆ ಗೊತ್ತಿಲ್ಲ. ಮನುಷ್ಯರೋ ಸತ್ತ ಮೇಲೆ ಲೋಕದ ಆಚೆ ಹೋಗಿಬಿಡುತ್ತಾರೆ. ಎಲ್ಲಿಗೆ ಎಂಬುದನ್ನು ಎಲ್ಫ್‌ಗಳು ಕಾಣರು. ಕಥೆಯೊಳಗಿನ ಸೃಷ್ಟಿಕರ್ತ ಮನುಷ್ಯರಿಗೆ ಕೊಟ್ಟ ಉಡುಗೊರೆ ಇದು ಎಂದು 'ಸಿಲ್ಮರಿಲಿಯನ್' ಹೇಳುತ್ತದೆ.

ಈ ಎರಡು ಜನಾಂಗ ಮೊದಲು ಕೂಡಿದಾಗ ನಡೆದ ಒಂದು ಪ್ರಸಂಗ ಆ ಪುಸ್ತಕದಲ್ಲಿದೆ. ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ, ಓದುವವರು ದಾಟಿ ಹೋಗುವುದೇ ಹೆಚ್ಚು. ಬೆಯೋರ್ ಎಂಬ ಮನುಷ್ಯರ ನಾಯಕ ಎಲ್ಫ್ ಅರಸ ಫಿನ್‌ರಾಡನನ್ನು ಮೆಚ್ಚಿ, ತನ್ನ ಜನರನ್ನು ಮಗನಿಗೆ ಒಪ್ಪಿಸಿ, ಅರಸನ ಬಳಿ ಉಳಿಯುತ್ತಾನೆ. 44 ವರ್ಷ ಸೇವೆ ಮಾಡಿ, 93ನೇ ವಯಸ್ಸಿನಲ್ಲಿ ತೀರಿಕೊಳ್ಳುತ್ತಾನೆ. ಗಾಯವಿಲ್ಲ, ವಿಷವಿಲ್ಲ, ಶೋಕವಿಲ್ಲ. ಬರೀ ವಯಸ್ಸಾಗಿತ್ತು. ಎಲ್ಫ್‌ಗಳು ಇಂಥದ್ದನ್ನು ಅದುವರೆಗೆ ನೋಡಿಯೇ ಇರಲಿಲ್ಲ. ನಿನ್ನೆ ಬಂದ ಗೆಳೆಯ ಇವತ್ತು ಬಾಗಿದ, ನಾಳೆ ಇಲ್ಲ! 44 ವರ್ಷ ಅವರಿಗೆ ಅಷ್ಟೇ. ನಾವು ಸಾಕಿದ ಬೆಕ್ಕೋ ಮೇಕೆಯೋ ನಮ್ಮ ಕಣ್ಣೆದುರೇ ಮುದಿಯಾಗುವುದನ್ನು ನೋಡುತ್ತೇವಲ್ಲ, ಹಾಗೆ ಎಂದುಕೊಳ್ಳಿ. ಆದರೆ ಇಲ್ಲಿ ಹೋದವನು ಸ್ನೇಹಿತ, ಸರಿಸಮನಾಗಿ ಕುಳಿತು ಮಾತನಾಡಿದವನು. ಅವರು ದುಃಖಪಟ್ಟರು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಅರ್ಥವೇ ಆಗಲಿಲ್ಲ.

ಹಾಗಾದರೆ ಎಲ್ಫ್‌ಗಳಿಗೆ ಮುಪ್ಪು ಎಲ್ಲಿ ಬರುತ್ತದೆ? ಗಲಾಡ್ರಿಯೆಲ್ ಮತ್ತು ಅವಳ ಗಂಡ ಕೆಲೆಬೋರ್ನ್ ಇಬ್ಬರನ್ನೂ ಕಾದಂಬರಿಯಲ್ಲಿ ಮೊದಲು ಕಂಡಾಗ ವಯಸ್ಸಿನ ಗುರುತು ಎಲ್ಲೂ ಇಲ್ಲ, ಕಣ್ಣಿನ ಆಳದಲ್ಲಿ ಮಾತ್ರ ಇದೆ. ಹಡಗು ಕಟ್ಟುವ ಕೀರ್ಡನ್ ಎಂಬ ಬಹಳ ಹಳೆಯ ಎಲ್ಫ್‌ಗೆ ಉದ್ದನೆಯ ಗಡ್ಡವೂ ಇದೆ, ತಲೆಯೂ ನರೆತಿದೆ. ಆ ಕಾದಂಬರಿಯಲ್ಲಿ ಹಾಗೆ ಕಾಣುವ ಎಲ್ಫ್ ಅವನೊಬ್ಬನೇ. ಉಳಿದವರ ಮುಪ್ಪು ನೆನಪಿನಲ್ಲಿದೆ. ಏನನ್ನೂ ಮರೆಯದ ಮನಸ್ಸಿನಲ್ಲಿ ಸಾವಿರಾರು ವರ್ಷಗಳ ನೆನಪು ತುಂಬುತ್ತಾ ಹೋದಂತೆ ಇಂದಿನ ದಿನಕ್ಕೆ ಜಾಗ ಕಡಿಮೆಯಾಗುತ್ತದೆ. ಮನಸ್ಸು ಹಿಂದಕ್ಕೇ ತಿರುಗುತ್ತದೆ. ಕಾಲಾಂತರದಲ್ಲಿ ಆತ್ಮವೇ ದೇಹವನ್ನು ಸುಟ್ಟು ತೆಳ್ಳಗೆ ಮಾಡುತ್ತದೆ. ಕೊನೆಗೆ ಮನುಷ್ಯರ ಕಣ್ಣಿಗೆ ಕಾಣದ ಒಂದು ನೆರಳಾಗಿ ಉಳಿಯುತ್ತಾರೆ. ಟೋಲ್ಕಿನ್ ಇದನ್ನು 'ಮಾಸುವುದು' ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಬಟ್ಟೆಯ ಬಣ್ಣ ಮಾಸುವಂತೆ.

ಲೆಗೋಲಾಸ್ ಎಂಬ ಎಲ್ಫ್ ಯುವಕ (ಯುವಕ ಎಂದರೆ ನೂರಾರು ವರ್ಷದವನು ಎಂದು ತಿಳಿಯತಕ್ಕದ್ದು) ಒಮ್ಮೆ ದೋಣಿಯಲ್ಲಿ ಹೋಗುವಾಗ ತಮ್ಮವರಿಗೆ ಕಾಲ ಹೇಗೆ ಕಾಣುತ್ತದೆಂದು ವಿವರಿಸುತ್ತಾನೆ. ಕಾಲ ಬಹಳ ನಿಧಾನವೂ ಹೌದು, ಬಹಳ ವೇಗವೂ ಹೌದು. ಓಡುವ ವರ್ಷಗಳನ್ನು ತಾವು ಎಣಿಸುವುದಿಲ್ಲವಾದ್ದರಿಂದ ನಿಧಾನ, ತಾವು ಹೆಚ್ಚು ಬದಲಾಗದೆ ಸುತ್ತಲಿನದೆಲ್ಲ ಓಡಿಹೋಗುವುದರಿಂದ ವೇಗ. ಆ ಓಟವೇ ಅವರಿಗೆ ದುಃಖ. ಹುಡುಗಿ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಸಾವು ಅವರಿಗೆ ಇಲ್ಲ, ಆದರೆ ಅವರು ಪ್ರೀತಿಸಿದ ಮರ, ಊರು, ಮನುಷ್ಯ ಎಲ್ಲಕ್ಕೂ ಇದೆ. ನಾವು ಜೀವಮಾನದಲ್ಲಿ ಹತ್ತಿಪ್ಪತ್ತು ಜನರನ್ನು ಮಣ್ಣಿಗೆ ಕೊಟ್ಟು ನಾವೂ ಹೋಗುತ್ತೇವೆ. ಅವರು ಕೊಡುತ್ತಲೇ ಇರಬೇಕು.

ಮಿರಿಯೆಲ್ ಎಂಬ ರಾಣಿಯ ಕಥೆ ಇನ್ನೂ ವಿಚಿತ್ರ. ಫೆಯನೋರ್ ಎಂಬ ಮಗನನ್ನು ಹೆತ್ತ ಮೇಲೆ ಅವಳಿಗೆ ಎಷ್ಟು ದಣಿವಾಯಿತೆಂದರೆ ಬದುಕೇ ಬೇಡವಾಯಿತು. ರೋಗವಿಲ್ಲದ, ನೋವಿಲ್ಲದ ಪುಣ್ಯಭೂಮಿಯಲ್ಲಿ ಅವಳು ಮಲಗಿ ದೇಹ ಬಿಟ್ಟಳು, ಮರಳಿ ಬರಲು ಒಪ್ಪಲಿಲ್ಲ. ಹೆರಿಗೆಯ ನಂತರ ತಾಯಂದಿರನ್ನು ಕಾಡುವ ಖಿನ್ನತೆಯ ಬಗ್ಗೆ ವೈದ್ಯರು ಈಗ ಹೇಳುವುದನ್ನು ಕೇಳಿದವರಿಗೆ ಈ ಭಾಗ ಕಟ್ಟುಕಥೆಯಂತೆ ಕಾಣುವುದಿಲ್ಲ. ನನಗಂತೂ ಇದು ಇಡೀ ಪುರಾಣದ ಅತ್ಯಂತ ದಿಟವಾದ ಪುಟ.

ಆಂಡ್ರೆತಳ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದು ಚಿತ್ರದಲ್ಲಿ ಇಲ್ಲ. ಆಂಡ್ರೆತ್ ಬೆಯೋರನ ವಂಶದ ಒಬ್ಬ ವಿದುಷಿ. ಯೌವನದಲ್ಲಿ ಅವಳು ಫಿನ್‌ರಾಡನ ತಮ್ಮ ಐಗ್ನೋರನನ್ನು ಪ್ರೀತಿಸಿದ್ದಳು. ಅವನು ಅವಳಿಂದ ದೂರ ಹೋದ. ಈಗ ಅವಳ ತಲೆ ನರೆಯುತ್ತಿದೆ, ಅವನು ಹಾಗೇ ಇದ್ದಾನೆ. ಫಿನ್‌ರಾಡ್ ಮತ್ತು ಆಂಡ್ರೆತ್ ಕುಳಿತು ಸಾವಿನ ಬಗ್ಗೆ ವಾದಿಸುತ್ತಾರೆ. ಒಂದು ರೀತಿಯ ಮುನಾಜರಾ ಎನ್ನಬಹುದು, ಆದರೆ ಗೆಲ್ಲಬೇಕೆಂಬ ಹಟ ಇಬ್ಬರಿಗೂ ಇಲ್ಲ. ಮನುಷ್ಯರಿಗೆ ಸಾವು ಸಹಜವೆಂದು ಫಿನ್‌ರಾಡ್ ತಿಳಿದಿದ್ದಾನೆ. ಅವಳು ಒಪ್ಪುವುದಿಲ್ಲ. ನಿಮಗೆ ದೂರದಲ್ಲೆಲ್ಲೋ ಇರುವ ಅಂತ್ಯ ನಮ್ಮನ್ನು ದಿನವೂ ಬೇಟೆಯಾಡುತ್ತದೆ, ಅದನ್ನು ಉಡುಗೊರೆ ಎನ್ನಬೇಡ ಎಂಬುದು ಅವಳ ವಾದದ ಸಾರ. ಮಾತು ಮುಗಿಯುತ್ತಾ ಬಂದಾಗ ಅವಳೊಳಗಿನ ಹಳೆಯ ನೋವು ಹೊರಗೆ ಬರುತ್ತದೆ. ತನ್ನನ್ನು ಏಕೆ ಬಿಟ್ಟುಹೋದ? ಫಿನ್‌ರಾಡ್ ಹೇಳುತ್ತಾನೆ: ಅವನು ನಿನ್ನನ್ನು ಪ್ರೀತಿಸಿದ್ದು ನಿಜ, ಮತ್ತಾರನ್ನೂ ಮದುವೆಯಾಗಲಾರ. ಆದರೆ ಯುದ್ಧಕಾಲದಲ್ಲಿ ನಮ್ಮವರು ಮದುವೆಯಾಗುವುದಿಲ್ಲ. ಜೊತೆಗೆ, ನೀನು ಕಣ್ಣೆದುರು ಬಾಡುವುದನ್ನು ನೋಡುವುದಕ್ಕಿಂತ ಅರ್ಧಕ್ಕೆ ನಿಂತ ಚೆಂದದ ನೆನಪೇ ಅವನಿಗೆ ಲೇಸು.

ಇದನ್ನು ಓದಿದಾಗಲೆಲ್ಲ ನನಗೆ ಐಗ್ನೋರನ ಮೇಲೆ ಸಿಟ್ಟು ಬರುತ್ತದೆ. ಅವನಿಗೆ ಬೇಕಾದದ್ದು ಆಂಡ್ರೆತಳ ನೆನಪು, ಆಂಡ್ರೆತ್ ಅಲ್ಲ. ಅಮರರ ಮುಪ್ಪು ಎಂದು ನಾನು ಹೇಳುತ್ತಿರುವುದು ಇದನ್ನೇ. ಅವರಿಗೆ ಇರುವ ಮನುಷ್ಯರಿಗಿಂತ ನೆನಪಿನ ಮನುಷ್ಯರು ಹತ್ತಿರವಾಗಿಬಿಡುತ್ತಾರೆ.

ಉಂಗುರಗಳ ಕಥೆಯೂ ಇಲ್ಲಿಂದಲೇ ಹುಟ್ಟುತ್ತದೆ. ಎಲ್ಫ್‌ಗಳು ಮಾಡಿದ ಮೂರು ಉಂಗುರಗಳು ಯುದ್ಧಕ್ಕಾಗಿ ಅಲ್ಲ, ಮಾಸುವುದನ್ನು ತಡೆಯುವುದಕ್ಕಾಗಿ. ಗಲಾಡ್ರಿಯೆಲಳ ಉಂಗುರದ ಬಲದಿಂದ ಲಾಥ್‌ಲೋರಿಯನ್ ಎಂಬ ಕಾಡು ಕಾಲ ಮುಟ್ಟದ ಹಾಗೆ ನಿಂತಿದೆ. ಪ್ರಯಾಣಿಕರು ಅಲ್ಲಿ ಸುಮಾರು ಒಂದು ತಿಂಗಳು ತಂಗುತ್ತಾರೆ. ಹೊರಗೆ ಬಂದ ಮೇಲೆ ಸ್ಯಾಮ್ ಎಂಬ ತೋಟದ ಕೆಲಸದವನು ಚಂದ್ರನನ್ನು ನೋಡಿ, ಲೆಕ್ಕ ತಪ್ಪಿದೆಯಲ್ಲ ಎಂದು ತಬ್ಬಿಬ್ಬಾಗುತ್ತಾನೆ. ಓದುವಾಗ ನಮಗೆ ಅಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ಆದರೆ ಟೋಲ್ಕಿನ್ ಒಲವು ಇದ್ದೂ ಕಣ್ಣು ಮುಚ್ಚಿಕೊಂಡವರಲ್ಲ. 1954ರ ಒಂದು ಪತ್ರದಲ್ಲಿ ಅವರು ಈ ಎಲ್ಫ್‌ಗಳನ್ನು ಹೆಣ ಕೆಡದಂತೆ ಮದ್ದು ಲೇಪಿಸಿ ಇಡುವವರಿಗೆ ಹೋಲಿಸಿದ್ದಾರೆ. ಹಳೆಯದನ್ನು ಉಳಿಸುವುದಕ್ಕೂ ಹಳೆಯದನ್ನು ಅಲ್ಲಾಡದಂತೆ ಕಟ್ಟಿಹಾಕುವುದಕ್ಕೂ ವ್ಯತ್ಯಾಸವಿದೆ. ಎರಡು ಭಾಷೆ ಕಲಿಸುವ ನನಗೆ ಆ ವ್ಯತ್ಯಾಸ ದಿನವೂ ತರಗತಿಯಲ್ಲಿ ಎದುರಾಗುತ್ತದೆ, ಅದು ಬೇರೆ ವಿಷಯ.

ಮನುಷ್ಯರು ಅದೇ ಆಸೆ ಪಟ್ಟರೆ ಏನಾಗುತ್ತದೆ ಎಂಬುದಕ್ಕೆ ನೂಮೆನೋರ್ ದ್ವೀಪವಿದೆ. ಅಲ್ಲಿನವರಿಗೆ ಬಹಳ ದೀರ್ಘ ಆಯುಷ್ಯವಿತ್ತು. ಅಷ್ಟು ಸಿಕ್ಕವರಿಗೆ ಇನ್ನಷ್ಟು ಬೇಕಾಯಿತು. ಸಾವನ್ನು ಗೆಲ್ಲುವೆನೆಂದು ಕೊನೆಯ ಅರಸ ಹಡಗುಪಡೆ ಕಟ್ಟಿಕೊಂಡು ಅಮರರ ನಾಡಿನ ಮೇಲೆ ದಂಡೆತ್ತಿ ಹೋದ, ದ್ವೀಪವೇ ಸಮುದ್ರದಲ್ಲಿ ಮುಳುಗಿತು. ಬಿಲ್ಬೋ ಮತ್ತು ಗೋಲ್ಲಮ್‌ರ ಆಯುಷ್ಯವನ್ನು ಉಂಗುರ ಹೆಚ್ಚಿಸಲಿಲ್ಲ, ಇದ್ದುದನ್ನೇ ಎಳೆದು ತೆಳ್ಳಗೆ ಮಾಡಿತು. ಗೋಲ್ಲಮ್ ಐನೂರು ವರ್ಷ ದಾಟಿದ, ಬದುಕಿದ ಎನ್ನಲು ಬಾಯಿ ಬರುವುದಿಲ್ಲ.

ಜಿನ್ನು ಪರಿಗಳ ಕಥೆ ಯಾಕೆ ಎಂದು ಕೇಳಿದ ಹಿರಿಯರಿಗೆ ಟೋಲ್ಕಿನ್ನರೇ ಉತ್ತರ ಕೊಟ್ಟಿದ್ದಾರೆ. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅವರು ಇಂಥ ಕಥೆಗಳ ಬಗ್ಗೆ ಉಪನ್ಯಾಸ ಕೊಟ್ಟರು. ಸಾವಿನಿಂದ ತಪ್ಪಿಸಿಕೊಳ್ಳಬೇಕೆಂಬುದು ಮನುಷ್ಯರ ಕಥೆಗಳ ಅತಿ ಹಳೆಯ ಆಸೆ ಎನ್ನುತ್ತಾ, ಎಲ್ಫ್‌ಗಳೇನಾದರೂ ಕಥೆ ಹೇಳಿದರೆ ಅವು ಸಾವಿಲ್ಲದಿರುವುದರಿಂದ ತಪ್ಪಿಸಿಕೊಳ್ಳುವ ಕಥೆಗಳಾಗಿರುತ್ತವೆ ಎಂಬ ಅರ್ಥದ ಮಾತು ಸೇರಿಸಿದರು. ಇದು ಪುಸ್ತಕ ಓದಿ ಹೊಳೆದ ಚಮತ್ಕಾರವಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ಅವರ ತಂದೆ ಹೋದರು. 1904ರಲ್ಲಿ, ಹನ್ನೆರಡನೇ ವಯಸ್ಸಿಗೆ, ಸಕ್ಕರೆ ಕಾಯಿಲೆಯಿಂದ ತಾಯಿಯೂ ಹೋದರು. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. 1916ರ ಸೋಮ್ ಯುದ್ಧದಲ್ಲಿ ಅವರು ಸ್ವತಃ ಸೈನಿಕರಾಗಿದ್ದರು. ಶಾಲಾ ದಿನಗಳಿಂದ ಜೊತೆಗಿದ್ದ ನಾಲ್ವರ ಗುಂಪಿನಲ್ಲಿ ಇಬ್ಬರು ಆ ವರ್ಷವೇ ತೀರಿಕೊಂಡರು. ಎಲ್ಫ್ ಪುರಾಣದ ಮೊದಲ ಕಥೆಗಳನ್ನು ಬರೆದದ್ದು ಆ ಯುದ್ಧದಿಂದ ಕಾಯಿಲೆ ಬಿದ್ದು ಮರಳಿದ ತಿಂಗಳುಗಳಲ್ಲಿ.

ಕೊನೆಯದಾಗಿ ಆರ್ವೆನ್. ಅವಳ ತಂದೆ ಎಲ್ರೊಂಡ್ ಎಲ್ಫ್ ಮತ್ತು ಮನುಷ್ಯ ರಕ್ತ ಎರಡೂ ಬೆರೆತವನು. ಅಂಥವರಿಗೆ ಒಂದು ಆಯ್ಕೆ ಇತ್ತು: ಯಾವ ಜನಾಂಗದ ಗತಿ ಬೇಕು? ಎಲ್ರೊಂಡ್ ಎಲ್ಫ್ ಆದ. ಅವನ ಅವಳಿ ಸೋದರ ಎಲ್ರೋಸ್ ಮನುಷ್ಯನಾಗಿ, ಐನೂರು ವರ್ಷ ಬದುಕಿ ತೀರಿಕೊಂಡ. ಒಂದೇ ಗರ್ಭದಲ್ಲಿದ್ದ ಸೋದರರು! ಒಬ್ಬನಿಗಾಗಿ ಇನ್ನೊಬ್ಬ ಆರು ಸಾವಿರ ವರ್ಷ ಶೋಕಿಸಬೇಕಾಯಿತು. ಅದೇ ಆಯ್ಕೆ ಎಲ್ರೊಂಡನ ಮಗಳ ಮುಂದೆ ಬಂತು. ಅವಳು ಅರಗಾರ್ನ್ ಎಂಬ ಮನುಷ್ಯನನ್ನು ಮದುವೆಯಾದಳು. ಮದುವೆಯ ದಿನ ವರನಿಗೆ 88, ವಧುವಿಗೆ 2,778 ವರ್ಷ. ಮಕ್ಕಳೆ, ನಗಬೇಡಿ. 144ರಿಂದ ಭಾಗಿಸಿ ನೋಡಿ, ಹತ್ತೊಂಬತ್ತಕ್ಕೆ ಸ್ವಲ್ಪ ಮೇಲೆ ಬರುತ್ತದೆ.

ಅರಗಾರ್ನ್ 120 ವರ್ಷ ರಾಜ್ಯವಾಳಿ, 210ನೇ ವಯಸ್ಸಿನಲ್ಲಿ, ಬುದ್ಧಿ ಕೈ ಕಾಲು ಸೋಲುವ ಮೊದಲೇ ಹೋಗಬೇಕೆಂದು ನಿರ್ಧರಿಸಿ ಮಲಗುತ್ತಾನೆ. ಅವನ ವಂಶದವರಿಗೆ ಆ ಶಕ್ತಿ ಇತ್ತು. ಆರ್ವೆನ್ ಇನ್ನೂ ಸ್ವಲ್ಪ ಕಾಲ ಇರು ಎಂದು ಬೇಡುತ್ತಾಳೆ. ಅವಳಿಗೆ ಬದುಕು ಇನ್ನೂ ಸಾಕಾಗಿಲ್ಲ. ನೂಮೆನೋರಿನವರನ್ನು ಮೂರ್ಖರೆಂದು ಎಣಿಸುತ್ತಿದ್ದೆ, ಈಗ ಅವರ ಮೇಲೆ ಕನಿಕರ ಬರುತ್ತಿದೆ, ಇದು ಉಡುಗೊರೆಯಾದರೆ ಸ್ವೀಕರಿಸುವುದು ಬಹಳ ಕಹಿ ಎಂದು ಅವಳು ಹೇಳುತ್ತಾಳೆ. ಸಾವು ಉಡುಗೊರೆ ಎಂದು ನೂರಾರು ಪುಟ ಬರೆದ ಲೇಖಕ, ಅದನ್ನು ನಿಜಕ್ಕೂ ಪಡೆದವಳ ಬಾಯಲ್ಲಿ ಈ ಮಾತು ಇಟ್ಟಿದ್ದಾರೆ. ಅದಕ್ಕಾಗಿ ನಾನು ಅವರನ್ನು ನಂಬುತ್ತೇನೆ. ಲೋಕದ ಆಚೆ ಬರೀ ನೆನಪಿಗಿಂತ ಹೆಚ್ಚಿನದು ಇದೆ ಎಂದು ಅರಗಾರ್ನ್ ಧೈರ್ಯ ಹೇಳಿ ಕಣ್ಣು ಮುಚ್ಚುತ್ತಾನೆ. ಅವಳಿಗೆ ಸಮಾಧಾನವಾಯಿತೆಂದು ಪುಸ್ತಕ ಹೇಳುವುದಿಲ್ಲ.

ಆಮೇಲೆ ಅವಳು ಮಕ್ಕಳನ್ನು ಬೀಳ್ಕೊಟ್ಟು, ಒಬ್ಬಳೇ ಲಾಥ್‌ಲೋರಿಯನ್‌ಗೆ ಹೋಗುತ್ತಾಳೆ. ಗಲಾಡ್ರಿಯೆಲ್ ಸಮುದ್ರ ದಾಟಿ ಹೋಗಿದ್ದಾಳೆ, ಕೆಲೆಬೋರ್ನನೂ ಇಲ್ಲ. ಉಂಗುರದ ಬಲ ಮುಗಿದು ಕಾಡು ಬಿಕೋ ಎನ್ನುತ್ತಿದೆ. ಅವಳನ್ನು ಕರೆದೊಯ್ಯಲು ಯಾವ ಹಡಗೂ ಉಳಿದಿಲ್ಲ. ಚಳಿಗಾಲದ ತನಕ ಅಲ್ಲಿದ್ದು, ವಸಂತ ಇನ್ನೂ ಬಾರದ ದಿನಗಳಲ್ಲಿ, ತಾನೂ ಅರಗಾರ್ನನೂ ಹಿಂದೊಮ್ಮೆ ಮಾತು ಕೊಟ್ಟುಕೊಂಡ ಗುಡ್ಡದ ಮೇಲೆ ಅವಳು ಮಲಗುತ್ತಾಳೆ.

ಈ ಭಾಗ ಕಾದಂಬರಿಯೊಳಗೆ ಇಲ್ಲ. ಮೂರನೆಯ ಸಂಪುಟದ ಹಿಂದೆ, ಅನುಬಂಧಗಳಲ್ಲಿ ಮೊದಲನೆಯದರಲ್ಲಿದೆ. ಅನುಬಂಧವೆಂದು ಬಿಟ್ಟುಬಿಡಬೇಡಿ, ಕೆಲವೇ ಪುಟಗಳು. 2002ರ ಎರಡನೇ ಚಿತ್ರದಲ್ಲಿ ಎಲ್ರೊಂಡ್ ಮಗಳಿಗೆ ಮುಂದಾಗುವುದನ್ನು ವಿವರಿಸುವ ದೃಶ್ಯಕ್ಕೆ ಇದೇ ಆಧಾರ. ಇಂಗ್ಲಿಷ್ ಕಷ್ಟವೆನ್ನುವವರು ನಿಘಂಟು ಹಿಡಿದು ದಿನಕ್ಕೆ ಅರ್ಧ ಪುಟದಂತೆ ಓದಿ, ತಿಳಿಯದ್ದನ್ನು ಸ್ಟಾಫ್ ರೂಮಿಗೆ ತನ್ನಿ.